ಒಂಬತ್ತನೇ ಕಂತು

ಮೇ ತಿಂಗಳ ಕೊನೆಯಲ್ಲಿ ಸೀಮಾ ಹುಬ್ಬಳ್ಳಿಯ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಳು. ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಕೆಗೆ ಎಚ್ಚರವಾಗುವಷ್ಟರಲ್ಲಿ ಮಾವ ಮುದಕಪ್ಪ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಹೊರಟುಹೋಗಿದ್ದ. ಗುಡಗೇರಿಯಿಂದ ಮೂರು ಮೈಲಿ ಒಳಗಿದ್ದ ಆ ಊರಲ್ಲಿ ಇಂಥದ್ದಕ್ಕೆ ದಿನ, ತಿಥಿ ಅಂತೇನೂ ಇರಲಿಲ್ಲ. ಅತ್ತೆ ಸಾವಕ್ಕ ಹದಿನೈದು ದಿನ ಬೆಳ್ಳುಳ್ಳಿ ಜಜ್ಜಿ ಹಾಕಿದ ಸಾರು, ಮೆತ್ತಗಿನ ಅನ್ನ ಮಾಡಿ ಕೊಟ್ಟಳು. ಹದಿನಾರನೇ ದಿನ, "ಇನ್ನ ಏಳವಾ. ಕೆಲಸ ಮಾಡಿದ್ರನ ಮೈ ಹಗುರ ಆಗೂದು" ಅಂದಳು. ಸೀಮಾ ಎದ್ದು ಕಸಬರಿಗೆ ಹಿಡಿದಳು.

ಮನೆ ಮೊದಲಿನ ಹಾಗೇ ನಡೆಯತೊಡಗಿತು. ಗಂಡ ಬೀರೇಶ ನಸುಕಿನಲ್ಲಿ ಹಾಲಿನ ಗಾಡಿ ತೆಗೆದುಕೊಂಡು ಹಳ್ಳಿ ಹಳ್ಳಿ ತಿರುಗಿ, ಕ್ಯಾನು ಇಳಿಸಿ ಹತ್ತು ಗಂಟೆಗೆ ಉಣ್ಣಲು ಬರುತ್ತಿದ್ದ. ಸಂಜೆ ಮತ್ತೊಂದು ಸುತ್ತು. ಮುದಕಪ್ಪ ಹದಿನಾಲ್ಕು ಕುರಿ ಹೊಡೆದುಕೊಂಡು ಹೊಲದ ಕಡೆ ಹೋಗುತ್ತಿದ್ದ. ನಾದಿನಿ ಗಂಗಾ ಪಿಯುಸಿ ಎರಡನೇ ವರ್ಷ, ಬಸ್ಸಿನಲ್ಲಿ ಕುಂದಗೋಳದ ಕಾಲೇಜಿಗೆ. ಸೀಮಾ ರೊಟ್ಟಿ ಬಡಿಯುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು, ಕುರಿ ದೊಡ್ಡಿಯ ಕಸ ತೆಗೆಯುತ್ತಿದ್ದಳು. ಬಾಯಿಂದ ಬರುತ್ತಿದ್ದುದು "ಹೂಂ", "ಇಲ್ಲರಿ", "ಇನ್ನೊಂದ್ ಹಾಕಲೇನ್ರಿ", ಇಷ್ಟೇ. ಅಳಲಿಲ್ಲ. ಮೊದಮೊದಲು ಸಾವಕ್ಕ ಓಣಿಯವರ ಮುಂದೆ "ಗಟ್ಟಿ ಹೆಣ್ಣವಾ ನಮ್ಮ ಸೊಸಿ" ಅನ್ನುತ್ತಿದ್ದಳು. ಜೂನ್ ಮುಗಿಯುವ ಹೊತ್ತಿಗೆ ಅದೇ ಬಾಯಲ್ಲಿ "ಕಲ್ಲಾಗ್ಯಾಳ ನೋಡು" ಅನ್ನತೊಡಗಿದಳು.

ಫೋನಿನಲ್ಲಿ ಜಪಾನಿನ ಅನಿಮೆ ತೋರಿಸಿದವಳು ಗಂಗಾ. ಒಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದವಳೇ ಪಕ್ಕ ಕೂತಳು.

"ವೈನಿ, ನೋಡತೀಯೇನು?"

"ಕಾರ್ಟೂನ್ ಸಣ್ಣ ಹುಡುಗ್ರು ನೋಡೂದು."

"ಇದು ದೊಡ್ಡವ್ರದ. ವಾರಕ್ಕ ಒಂದ್ ಕಂತು ಬರತೈತಿ. ನಾ ಸದ್ಯ ಮೂರು ನೋಡಾಕತ್ತೀನಿ."

ಒಂದರಲ್ಲಿ ಅಣ್ಣತಮ್ಮಂದಿರು ಕತ್ತಿ ಹಿಡಿದು ದೆವ್ವಗಳ ಜೊತೆ ಕಾದಾಡುತ್ತಿದ್ದರು. ಇನ್ನೊಂದರಲ್ಲಿ ಶಾಲೆಯ ಹುಡುಗಿಯರು ದೋಣಿ ಪಂದ್ಯಕ್ಕೆ ತಯಾರಾಗುತ್ತಿದ್ದರು. "ಭಾಳ ಗದ್ದಲ" ಅಂದು ಸೀಮಾ ಎರಡನ್ನೂ ಬಿಟ್ಟಳು. ಮೂರನೆಯದಕ್ಕೆ ಕೂತಳು. ಗುಡ್ಡದ ಮೇಲಿನ ಒಂದು ಊರು, ಅಲ್ಲಿನ ಹಳೇ ಬಸ್ ನಿಲ್ದಾಣದ ಮೂಲೆಯಲ್ಲಿ ಛತ್ರಿ ರಿಪೇರಿ ಮಾಡುವ ಹಾತ್ಸು ಎಂಬ ನಲವತ್ತರ ಹೆಂಗಸು. ಒಂದು ಕಂತಿಗೆ ಒಂದು ಛತ್ರಿ. ತಂದವರು ಏನಾದರೂ ಮಾತಾಡುತ್ತಾರೆ, ಆಕೆ ಬಾಗಿದ ಕಡ್ಡಿಯನ್ನು ನೆಟ್ಟಗೆ ಮಾಡಿ ಕೊಡುತ್ತಾಳೆ, ಅಷ್ಟೇ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಸೀಮಾ ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದಳು. ಬಿ.ಎ. ಓದಿದ್ದರೂ ರೂಢಿ ತಪ್ಪಿತ್ತು. ಇಪ್ಪತ್ತನಾಲ್ಕು ನಿಮಿಷದ ಕಂತಿಗೆ ಒಂದು ಗಂಟೆ ಹಿಡಿಯಿತು.

ಗಂಗಾಳ ಗೆಳತಿಯೊಬ್ಬಳು ಮಾಡಿದ್ದ ಒಂದು ವಾಟ್ಸಾಪ್ ಗುಂಪಿತ್ತು. ಹನ್ನೊಂದು ಜನ. 'ಕಥಿ ಹೇಳಬ್ಯಾಡ್ರಿ, ಅನಿಸಿದ್ದು ಹೇಳ್ರಿ' ಎಂಬುದೊಂದೇ ಅಲ್ಲಿನ ನೇಮ. ನವಲಗುಂದದ ಚಿತ್ರಕಲೆ ಮಾಸ್ತರ ಮೈಲಾರಪ್ಪ ಪ್ರತಿ ಕಂತಿಗೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಿದ್ದ: "ಮಳಿ ಚಂದ ಬಿಡಿಸ್ಯಾರ, ಕೈಬೆರಳು ಛಲೋ ಬಂದಿಲ್ಲ. ಆರೂವರಿ." ಅಣ್ಣಿಗೇರಿಯ ಬ್ಯಾಂಕಿನ ಹುಡುಗಿಯೊಬ್ಬಳು "ಏನೂ ಆಗವಲ್ದು, ಮುಂದಿನ ವಾರದಿಂದ ನಾ ಬಿಡ್ತೀನಿ" ಅಂತ ಪ್ರತಿ ವಾರ ಬರೆದು, ಪ್ರತಿ ವಾರ ನೋಡುತ್ತಿದ್ದಳು. ಗಂಗಾ ವೈನಿಯನ್ನೂ ಸೇರಿಸಿದಳು.

ಎರಡನೇ ಶನಿವಾರ ಸೀಮಾ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಫೋನಿಗೆ ಹೇಳಿದಳು: "ನಮಸ್ಕಾರ್ರಿ, ನಾ ಸೀಮಾ. ಹಾತ್ಸು ಊಟಾ ಮಾಡೂ ಮುಂದ ಗ್ವಾಡಿಗೆ ಮುಖಾ ಮಾಡಿ ಕುಂದ್ರತಾಳ. ಯಾಕ ಅಂತ ಯಾರೂ ಕೇಳೂದಿಲ್ಲ. ಅದು ನನಗ ಸೇರಿತು. ಅಷ್ಟರಿ."

ಉತ್ತರ ಒಂದೇ ಬಂತು. 'ಎಸ್. ಟೇಲರ್, ಗುಡಗೇರಿ' ಎಂಬ ಹೆಸರಿನಿಂದ: "ನನಗೂ ಹಂಗ ಅನಿಸ್ತು."

ಮುಂದಿನ ವಾರ ಅವಳ ಮಾತು ಎರಡು ನಿಮಿಷ ಆಯಿತು. ಸಾವಕ್ಕ ಒಳಗೆ ಅಕ್ಕಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಗಂಗೀ, ನಿಮ್ಮ ವೈನಿ ಯಾರ ಕೂಡ ಮಾತಾಡಾಕತ್ತಾಳಲೇ?"

"ಕಾರ್ಟೂನ್ ಬಗ್ಗೆ ಹೇಳಾಕತ್ತಾಳಬೇ."

"ಕಾರ್ಟೂನ್ ಬಗ್ಗೆ ಏನ್ ಹೇಳೂದಿರತೈತಿ?"

"ಹ್ಯಾಂಗ ಅನಿಸ್ತು ಅಂತ."

"ನನ್ನ ಸಾರು ಹ್ಯಾಂಗಾಗೇತಿ ಅಂತ ಒಂದಿನಾ ಹೇಳಿಲ್ಲ ಆಕಿ."

"ನೀ ಕೇಳಿಯೇನು?"

"ಕೇಳಬೇಕೇನು? ಉಣ್ಣಾಕಿಗೆ ಬಾಯಿಲ್ಲೇನು?" ಸಾವಕ್ಕ ಮೊರ ಎತ್ತಿಕೊಂಡು ಕಲ್ಲು ಆರಿಸತೊಡಗಿದಳು. ಅವತ್ತು ಅನ್ನದಲ್ಲಿ ಕಲ್ಲು ಉಳಿದಿತ್ತು. ಮುದಕಪ್ಪ ಎರಡು ಸಲ ಉಗುಳಿದ.

ಪಂಚಮಿ ಬಂತು. ಶೇಂಗಾ ಉಂಡಿ, ಎಳ್ಳುಂಡಿ, ಅರಳು, ಎಲ್ಲವನ್ನೂ ಸೀಮಾ ಒಬ್ಬಳೇ ಕಟ್ಟಿದಳು. ಮಿಶ್ರಿಕೋಟಿಯಿಂದ ಅವಳ ತಾಯಿ ಫೋನ್ ಮಾಡಿ ಹಬ್ಬಕ್ಕೆ ಕಳಿಸಿ ಅಂತ ಕೇಳಿದಳು. ಸಾವಕ್ಕನಿಗೂ ಅದೇ ಬೇಕಾಗಿತ್ತು.

"ಕಳಸೂಣು. ಒಂದೆರಡ್ ತಿಂಗಳ ಇದ್ದು ಬರಲಿ. ಇಲ್ಲಿದ್ರೂ ಇದ್ದಂಗಿಲ್ಲ. ಹೆಸರು ಬಿಡಸಾಕ ಹೊಲಕ್ಕ ಬಾ ಅಂದ್ರ ಬರೂದಿಲ್ಲ, ಮಂದಿ ಆಳು ಹಚ್ಚಬೇಕು."

"ನಾ ಒಲ್ಲೆರಿ" ಅಂದಳು ಸೀಮಾ.

"ತವರುಮನಿಗೆ ಒಲ್ಲೆ ಅಂತೀಯಾ? ಯಾಕ?"

"ಅಲ್ಲೆ ಇಂಟರ್ನೆಟ್ ಬರಂಗಿಲ್ಲ."

ಗಂಗಾ ನಗು ಬಂದು ನೀರಿನ ಚರಿಗೆ ಬಾಯಿಗಿಟ್ಟುಕೊಂಡಳು. ಬೀರೇಶ ಕೈಯಲ್ಲಿದ್ದ ಉಂಡಿಯನ್ನು ತಾಟಿಗೆ ಹಾಕಿ ಎದ್ದ.

"ಫೋನ್ ಕೊಡಿಲ್ಲೆ."

ಸೀಮಾ ಕೊಟ್ಟಳು. ಬಾಗಿಲಲ್ಲಿ ನಿಂತು ಅವನು ಒಂದೊಂದೇ ಓದಿದ. ಗುಂಪಿನ ಹೊರಗೆ, ಬೇರೆಯಾಗಿ, ಆ ಟೇಲರನಿಂದ ಬಂದ ಸಂದೇಶಗಳು ಏಳೆಂಟು ಇದ್ದವು. 'ಇವತ್ತ ಯಾಕ ಮಾತಾಡಿಲ್ಲ?' 'ಊಟಾ ಆತೇನು?' 'ನೀ ಹೇಳಿದ್ರನ ನನಗ ಸಮಾಧಾನ.'

"ಯಾರಿಂವ?"

"ಟೇಲರ್."

"ಅಂವ ಯಾಕ ನಿನ್ನ ಊಟಾ ಕೇಳ್ತಾನ?"

"ಕೇಳಬೇಕು ಅನಿಸಿರಬೇಕು."

"ಅಂವ ನಿನಗ ಏನಾಗಬೇಕು?"

"ಏನೂ ಆಗಬೇಕಿಲ್ಲ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ನಾ ಕೇಳಿಲ್ಲ."

"ನನ್ನ ಜೋಡಿ ಎರಡು ತಿಂಗಳಾತು ನಾಕ ಮಾತಾಡಿಲ್ಲ ನೀ!"

"ನೀವು ಏನ್ ಕೇಳೀರಿ?" ಅಂದಳು ಸೀಮಾ. ಜಗಳದ ದನಿ ಇರಲಿಲ್ಲ. ಸಾರಿಗೆ ಉಪ್ಪು ಹಾಕೀರೇನು ಅಂತ ಕೇಳಿದ ಹಾಗಿತ್ತು.

ಬೀರೇಶ ಫೋನನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದ. ಮರುದಿನದಿಂದ ಹತ್ತು ಗಂಟೆಯ ಊಟಕ್ಕೆ ಬರುವುದನ್ನು ಬಿಟ್ಟ. ಗುಡಗೇರಿಯ ಸ್ಟೇಷನ್ ಎದುರಿನ ಖಾನಾವಳಿಯಲ್ಲಿ ಉಂಡು ಗಾಡಿಯಲ್ಲೇ ಮಲಗುತ್ತಿದ್ದ, ರಾತ್ರಿಯೂ ಅಲ್ಲೇ ಉಂಡು ಬರುತ್ತಿದ್ದ. ಅವನ ಪಾಲಿನ ರೊಟ್ಟಿ ಸಂಜೆಗೆ ಒಣಗುತ್ತಿತ್ತು. ಸೀಮಾ ಅದನ್ನು ಮುರಿದು ಕುರಿಮರಿಗೆ ಹಾಕುತ್ತಿದ್ದಳು. ಹೀಗೆಯೇ ಶ್ರಾವಣ ಕಳೆಯಿತು. ಐದು, ಆರು, ಏಳು, ಎಂಟನೇ ಕಂತುಗಳು ಬಂದವು. ಅವಳು ನೋಡಿದಳು, ಕಲ್ಲಿನ ಮೇಲೆ ಕೂತು ಹೇಳಿದಳು, ಎದ್ದು ಹಿಟ್ಟು ನಾದಿದಳು.

ಒಂಬತ್ತನೇ ಕಂತಿನ ದಿನ ಮಾತು ಮುಗಿದ ಮೇಲೂ ಅವಳು ಏಳಲಿಲ್ಲ. ನಲ್ಲಿ ಬಿಟ್ಟದ್ದು ಬಿಟ್ಟ ಹಾಗೇ ಇತ್ತು, ಬಕೆಟ್ಟು ತುಂಬಿ ಹಿತ್ತಲೆಲ್ಲ ರಾಡಿಯಾಯಿತು. ಸಾವಕ್ಕ ಹೋಗಿ ನಲ್ಲಿ ನಿಲ್ಲಿಸಿದಳು. "ಏಳವಾ" ಅಂದಳು. ಸೀಮಾ ಕಾಲು ತೊಯ್ಯಿಸಿಕೊಂಡು ದೀಪ ಹಚ್ಚುವ ಹೊತ್ತಿನವರೆಗೂ ಹಾಗೇ ಕೂತಿದ್ದಳು.

ಹಾಲು ಇಳಿಸಿ ಬಂದ ಮಗನನ್ನು ಸಾವಕ್ಕ ಬಾಗಿಲಲ್ಲೇ ತಡೆದಳು. "ಆ ಟೇಲರ್ ಯಾಂವ ಅಂತ ನೀ ಹುಡುಕತೀಯೋ, ನಾ ಹುಡುಕಲೋ?"

ಗುಡಗೇರಿಯಲ್ಲಿ ಟೇಲರರು ಮೂವರಿದ್ದರು. ಸೋಮವಾರ ಬೀರೇಶ ಎರಡು ಅಂಗಡಿ ನೋಡಿ ಬಂದು, ಸ್ಟೇಷನ್ ರಸ್ತೆಯ ಮೂರನೆಯದರ ಮುಂದೆ ಗಾಡಿ ನಿಲ್ಲಿಸಿದ. 'ಎಸ್. ಟೇಲರ್. ಬ್ಲೌಸು, ಶಾಲಿ ಯುನಿಫಾರ್ಮ್' ಅಂತ ಬೋರ್ಡಿತ್ತು. ಒಳಗೆ ಐವತ್ತು ದಾಟಿದ ಹೆಂಗಸೊಬ್ಬಳು ಕನ್ನಡಕ ಹಾಕಿಕೊಂಡು ಮಷಿನ್ ತುಳಿಯುತ್ತಿದ್ದಳು. ದಾರದ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ದೋಣಿಯ ಹುಡುಗಿಯರು ಹುಟ್ಟು ಹಾಕುತ್ತಿದ್ದರು.

"ಟೇಲರ್ ಎಲ್ಲಿದಾರ್ರಿ?"

"ಮುಂದ ಕುಂತೀನಲ್ಲ. ಶಮೀಮಾಬಿ. ಏನ್ ಹೊಲಸೂದೈತಿ?"

ಬೀರೇಶ ಬೋರ್ಡು ನೋಡಿದ, ಫೋನು ನೋಡಿದ. "ನಾ ಸೀಮಾನ ಗಂಡ" ಅಂದ.

ಮಷಿನ್ ನಿಂತಿತು. ಶಮೀಮಾಬಿ ಕನ್ನಡಕ ಹಣೆಗೇರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಡ್ಯಾಕ ಬಂದಿಯೋ, ಮಾತಾಡಾಕ ಬಂದಿಯೋ?"

"ಗೊತ್ತಿಲ್ಲರಿ" ಅಂದ ಬೀರೇಶ. ಅದು ನಿಜವಾಗಿತ್ತು.

"ಹಂಗಾರ ಕುಂದ್ರು." ಬಟ್ಟೆ ಸರಿಸಿ ಸ್ಟೂಲು ತೋರಿಸಿದಳು. "ನನಗ ಇಂಗ್ಲೀಷ ಬರಂಗಿಲ್ಲ ತಮ್ಮಾ. ಬಣ್ಣಾ, ಬಟ್ಟಿ ನೋಡಾಕಂತ ಹಚ್ಚತೀನಿ. ನಿನ್ನ ಹೆಂಡತಿ ಹೇಳಿದ ಮ್ಯಾಲನ ನನಗ ತಿಳಿಯೂದು. ಅದಕ್ಕನ ಕೇಳೂದು ಆಕಿನ್ನ, ಯಾಕ ಹೇಳಿಲ್ಲ, ಉಂಡಿಯೇನು ಅಂತ. ಶನಿವಾರದ್ದು ಕೇಳಿಯೇನು?"

"ಇಲ್ಲ."

"ಹನ್ನೊಂದ ಮಂದಿ ಕೇಳ್ಯಾರ. ನೀ ಒಬ್ಬಾಂವ ಕೇಳಿಲ್ಲ."

ಅವಳು ದೋಣಿಯ ಚಿತ್ರ ನಿಲ್ಲಿಸಿ ಫೋನನ್ನು ಅವನ ಕೈಗಿಟ್ಟಳು. ಸೀಮಾಳ ದನಿ, ಹಿಂದೆ ನಲ್ಲಿಯ ಸಪ್ಪಳ.

"ಒಂಬತ್ತನೇ ಕಂತು ನೋಡಿದೆರಿ. ಕಥಿ ಹೇಳಬಾರ್ದು ಅಂತ ನೇಮ ಐತಿ, ಆದ್ರೂ ಸ್ವಲ್ಪ ಹೇಳತೀನಿ. ಹಾತ್ಸು ರೈಲು ಹತ್ತಿ ಬಾಜು ಊರಿಗೆ ಹೋಗ್ತಾಳ. ಅಲ್ಲೆ ಗುಡಿ ಹಿಂದ ಸಣ್ಣ ಸಣ್ಣ ಕಲ್ಲು ಸಾಲಾಗಿ ಇಟ್ಟಾರ. ಒಂದೊಂದಕ್ಕೂ ಕೆಂಪು ಬಟ್ಟಿ ಕಟ್ಯಾರ. ಹುಟ್ಟಲಾರದ ಕೂಸುಗಳವ ಅವು. ಆಕಿ ಸೀದಾ ಹೋಗಿ ಒಂದರ ಮುಂದ ನಿಂತಳು. ಹುಡಕಲಿಲ್ಲ. ನೂರು ಕಲ್ಲಿನ್ಯಾಗ ತನ್ನದು ಯಾವುದು ಅಂತ ಆಕಿಗೆ ಗೊತ್ತೈತಿ. ನೀವೆಲ್ಲಾ ಭಾಳ ಅಳು ಬಂತು ಅಂತ ಬರದೀರಿ. ನನಗ ಬರಲಿಲ್ಲ. ಹೊಟ್ಟಿಕಿಚ್ಚು ಬಂತು."

ನೀರಿನ ಸಪ್ಪಳಕ್ಕೆ ಬೀರೇಶ ಫೋನನ್ನು ಕಿವಿಗೆ ಒತ್ತಿಕೊಂಡ.

"ನಂದು ಎಲ್ಲೈತಿ ಅಂತ ನನಗ ಹೇಳಿಲ್ಲರಿ. ಗಂಡೋ ಹೆಣ್ಣೋ, ಅದೂ ಹೇಳಿಲ್ಲ. ನಾನೂ ಕೇಳಿಲ್ಲ. ಹೊಲದಾಗ ಇಟ್ಟಾರಂತ ಅಷ್ಟ ಗೊತ್ತು. ಅದಕ್ಕ ಹೊಲಕ್ಕ ಹೋಗೂದು ಬಿಟ್ಟೀನಿ. ಎಲ್ಲಿ ಕಾಲಿಡತೀನೋ ಏನೋ. ಚಿತ್ರಾ ಛಲೋ ತಗದಾರ. ಅಷ್ಟರಿ."

ಬೀರೇಶ ಫೋನು ಹಿಂದಕ್ಕೆ ಕೊಟ್ಟ. ಹೊರಗೆ ಗಾಡಿಯಲ್ಲಿ ಖಾಲಿ ಕ್ಯಾನುಗಳು ಬಿಸಿಲಿಗೆ ಕಾಯುತ್ತಿದ್ದವು.

"ಹೆಣ್ಣು ಅಂತ ಆಸ್ಪತ್ರಿ ಕಾಗದದಾಗ ಬರದಿತ್ತು" ಅಂದ. "ಹೇಳಬ್ಯಾಡ ಅಂದ್ಲು ನಮ್ಮವ್ವ. ಜಾಗ ನನಗೂ ಗೊತ್ತಿಲ್ಲ. ಅಪ್ಪಗ ಗೊತ್ತು."

"ಹಂಗಾರ ನನ್ನ ಅಂಗಡ್ಯಾಗ ಯಾಕ ಕುಂತಿ?" ಶಮೀಮಾಬಿ ಕನ್ನಡಕ ಇಳಿಸಿಕೊಂಡು ಮತ್ತೆ ಮಷಿನ್ ತುಳಿಯತೊಡಗಿದಳು.

ಅವತ್ತು ಸಂಜೆ ಒಂದು ತಿಂಗಳ ಮೇಲೆ ಬೀರೇಶ ಮನೆಯವರ ಜೊತೆ ಉಣ್ಣಲು ಕೂತ. ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಚಟ್ನಿ. ಒಂದು ರೊಟ್ಟಿ ಮುಗಿಸಿ ಕೇಳಿದ.

"ಯಪ್ಪಾ, ಕೂಸನ್ನ ಎಲ್ಲಿಟ್ಟಿ?"

ಸೀಮಾಳ ಕೈ ರೊಟ್ಟಿ ಬುಟ್ಟಿಯ ಮೇಲೆ ನಿಂತಿತು.

"ಉಣ್ಣೂ ಹೊತ್ತಿನ್ಯಾಗ ಎಂಥಾ ಮಾತಲೇ ಅದು!" ಅಂದಳು ಸಾವಕ್ಕ.

"ಅಪ್ಪನ್ನ ಕೇಳಾಕತ್ತೀನಿ."

ಮುದಕಪ್ಪ ತಾಟಿನಿಂದ ಮುಖ ಎತ್ತಲಿಲ್ಲ. "ಹೊಲದಾಗ."

"ಹೊಲದಾಗ ಎಲ್ಲಿ?"

"ಹೆಣ್ಣಮಕ್ಕಳ ಮುಂದ ಹೇಳೂದಲ್ಲ ಅದು. ನಮ್ಮಪ್ಪನೂ ಹೇಳಲಿಲ್ಲ, ಅವರಪ್ಪನೂ ಹೇಳಲಿಲ್ಲ. ಜಾಗ ಗೊತ್ತಾದ್ರ ಮನಸು ಅಲ್ಲೇ ಹೋಗಿ ಕುಂದ್ರತೈತಿ. ಮುಂದಿನ ಹೊಟ್ಟಿ ನಿಲ್ಲಂಗಿಲ್ಲ."

"ಈಗರ ಎಲ್ಲಿ ಕುಂತೈತಿ ಆಕಿ ಮನಸು?" ಅಂದಳು ಗಂಗಾ. "ಆ ಛತ್ರಿ ಹೆಂಗಸು ತನ್ನ ಕೂಸಿನ ಕಲ್ಲಿಗೆ ಹೋಗಿದ್ದು ನೋಡಿದಾಗಿಂದ ವೈನಿ..."

"ನೀ ಬಾಯಿ ಮುಚ್ಚು" ಅಂದಳು ಸಾವಕ್ಕ. "ನಾಕ ಕಾರ್ಟೂನ್ ನೋಡಿ ದೊಡ್ಡಾಕಿ ಆಗಿ."

"ಮಾವ" ಅಂದಳು ಸೀಮಾ. "ತೋರಸ್ರಿ."

ಮೇ ತಿಂಗಳಿಂದ ಅವಳು ಆ ಮನೆಯಲ್ಲಿ ತನಗಾಗಿ ಏನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಮುದಕಪ್ಪ ಈಗ ತಲೆ ಎತ್ತಿದ.

"ನೋಡಿ ಏನ್ ಮಾಡ್ತೀಯವಾ?"

"ಏನೂ ಮಾಡಂಗಿಲ್ಲರಿ. ನೋಡತೀನಿ."

"ನನ್ನವೂ ಎರಡ ಅದಾವು!" ಸಾವಕ್ಕನ ದನಿ ಏರಿತು. "ಇಂವ ಹುಟ್ಟಿದ ಮ್ಯಾಲೆ ಎರಡ ಹೋದುವು. ಒಂದಕ್ಕ ಹೊಟ್ಟ್ಯಾಗ ಎಂಟ ತಿಂಗಳ, ಒಂದ ಹುಟ್ಟಿ ಒಂದಿನಾ ಇತ್ತು. ನಾ ಕೇಳೀನೇನು, ತೋರಸ್ರಿ ಅಂತ? ಮರುವಾರ ಕಣದಾಗ ಜ್ವಾಳ ತೂರೀನಿ ನಾ."

ಬೀರೇಶ ಅವ್ವನ ಕಡೆ ನೋಡಿದ. "ಎರಡು?"

"ಹೂಂ, ಎರಡು."

"ನನಗ ಹೇಳೇ ಇಲ್ಲ ನೀ."

"ಯಾರ ಮುಂದ ಹೇಳೂದು?" ಸಾವಕ್ಕ ತನ್ನ ತಾಟಿಗೆ ನೀರು ಹಾಕಿ ಕೈ ತೊಳೆದುಕೊಂಡಳು. ಅರ್ಧ ರೊಟ್ಟಿ ನೀರಲ್ಲಿ ತೊಯ್ದು ಬಿಚ್ಚಿಕೊಂಡಿತು. ಆ ಮೇಲೆ ಯಾರೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಬೀರೇಶ ಎಂದಿನಂತೆ ಹಾಲಿಗೆ ಹೋದ, ಹಾಲು ಯಾರಿಗಾಗಿಯೂ ಕಾಯುವುದಿಲ್ಲ. ಬಿಸಿಲು ಬಿದ್ದ ಮೇಲೆ ಮುದಕಪ್ಪ ದೊಡ್ಡಿಯ ಬಾಗಿಲು ತೆಗೆದು ಕುರಿ ಹೊರಗೆ ಬಿಟ್ಟ. ಅಂಗಳ ಗುಡಿಸುತ್ತಿದ್ದ ಸೀಮಾಳಿಗೆ "ಬಾ" ಅಂದ. ಅವಳು ಕಸಬರಿಗೆಯನ್ನು ಗೋಡೆಗಾನಿಸಿ ಹಿಂದೆ ನಡೆದಳು. ಹಳ್ಳ ದಾಟುವಾಗ ಸೀಮಾ ತಿರುಗಿ ನೋಡಿದಳು. ಸಾವಕ್ಕ ಕುಡಗೋಲು ಹಿಡಿದುಕೊಂಡು, ಹುಲ್ಲಿಗೆ ಹೊರಟವಳ ಹಾಗೆ, ಒಂದು ಹೊಲದಷ್ಟು ಹಿಂದೆ ಬರುತ್ತಿದ್ದಳು.

ಹತ್ತಿ ಮೊಣಕಾಲೆತ್ತರ ಬೆಳೆದಿತ್ತು. ಮೂಡಣ ಬದುವಿನ ಬನ್ನಿಗಿಡದ ಕೆಳಗೆ ಮುದಕಪ್ಪ ನಿಂತು ಕೋಲಿನ ತುದಿಯಿಂದ ತೋರಿಸಿದ. ಒಂದು ಚಪ್ಪಟೆ ಕಲ್ಲು. ಸುತ್ತ ಕರಿಕೆ ಹಬ್ಬಿತ್ತು.

"ಇದು. ನಾಯಿ ಕೆದರಬಾರ್ದಂತ ಕಲ್ಲಿಟ್ಟೀನಿ. ಆಳ ತಗದೀನಿ."

ಸೀಮಾ ನಿಂತಳು. ಏನಾದರೂ ಆಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ಒಂದು ಕುರಿ ಹತ್ತಿಗೆ ಬಾಯಿ ಹಾಕಿತು. ಅವಳೇ ಹೋಗಿ ಕಿವಿ ಹಿಡಿದು ಎಳೆದು ತಂದು, ಮತ್ತೆ ಅದೇ ಜಾಗದಲ್ಲಿ ನಿಂತಳು.

"ಹೆಣ್ಣೇನ್ರಿ?"

"ಹೆಣ್ಣವಾ."

"ಕೂದಲಾ ಇದ್ದುವೇನ್ರಿ?"

ಮುದಕಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. "ಇದ್ದುವು. ಕರೇವು. ಭಾಳ ಇದ್ದುವು."

ಅಷ್ಟರಲ್ಲಿ ಸಾವಕ್ಕ ಬಂದಳು. ಕಲ್ಲನ್ನೊಮ್ಮೆ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನನ್ನವು?"

"ಏನು?"

"ನನ್ನವು ಎಲ್ಲದಾವು?"

ಮುದಕಪ್ಪ ಹೊಲದ ನಡುವೆ ನೋಡಿದ, ಪಡುವಣಕ್ಕೆ ನೋಡಿದ. "ನಡುವ ಒಂದು ಬದು ಇತ್ತಲ್ಲ, ಅದರ ಬಾಜು. ಟ್ರ್ಯಾಕ್ಟರ್ ಬಂದ ವರ್ಷ ಬದು ಕಿತ್ತು ಒಂದ ಮಾಡಿದ್ವಿ."

"ಅಂದ್ರ ಈಗ?"

"ಈಗ ಗೊತ್ತಾಗಂಗಿಲ್ಲ."

"ಅಂದಾಜಿಗಿ?"

"ಅಂದಾಜೂ ಇಲ್ಲ. ಇಲ್ಲೆಲ್ಲೋ" ಅಂದು ಅವನು ಕೋಲನ್ನು ಹತ್ತಿಯ ಮೇಲೆ ಅಗಲಕ್ಕೆ ಆಡಿಸಿದ.

ಸಾವಕ್ಕ ಆ ಕಡೆ ನೋಡುತ್ತ ನಿಂತಳು. ಅಲ್ಲಿ ಇಪ್ಪತ್ತು ವರ್ಷ ಜೋಳ, ಮೆಣಸಿನಕಾಯಿ, ಹೆಸರು, ಹತ್ತಿ ಬೆಳೆದಿದ್ದರು. ಕಳೆ ತೆಗೆದವಳು ಅವಳೇ, ಕಾಯಿ ಬಿಡಿಸಿದವಳೂ ಅವಳೇ. ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. ಮುದಕಪ್ಪ ಹುರ್ರ್ ಅಂದು ಕುರಿಗಳನ್ನು ಹಳ್ಳದ ಕಡೆ ತಿರುಗಿಸಿಕೊಂಡು ಹೋದ.

"ನಡಿ" ಅಂದಳು ಸಾವಕ್ಕ ಸ್ವಲ್ಪ ಹೊತ್ತಿನ ಮೇಲೆ. "ಗಂಗೀಗೆ ಬುತ್ತಿ ಕಟ್ಟಿಲ್ಲ."

ಇಬ್ಬರೂ ಬಂದ ದಾರಿಯಲ್ಲೇ ಹೊರಟರು. ಸಾವಕ್ಕ ಮುಂದೆ, ಸೀಮಾ ಹಿಂದೆ. ಹುಲ್ಲು ಕೊಯ್ಯಲೇ ಇಲ್ಲ. ಹಳ್ಳದ ಹತ್ತಿರ ಬಂದಾಗ ಸಾವಕ್ಕ ನಡೆಯುತ್ತಲೇ ಕೇಳಿದಳು.

"ಆ ಛತ್ರಿ ಹೆಂಗಸು, ಕಲ್ಲಿನ ಮುಂದ ನಿಂತು ಏನ್ ಮಾಡಿದಳು?"

"ನೀರು ಹಾಕಿದಳ್ರಿ."

"ಆಮ್ಯಾಲೆ?"

"ರೈಲಿಗೆ ಹೊತ್ತಾಗಿತ್ತರಿ. ಹೋದಳು."

"ಅಷ್ಟನಾ?"

"ಅಷ್ಟರಿ."

ಸಾವಕ್ಕ ಸೀರೆ ಎತ್ತಿಕೊಂಡು ನೀರಿಗಿಳಿದಳು. ಆಚೆ ದಂಡೆ ಹತ್ತಿ, ಸೊಸೆ ಬರುವವರೆಗೆ ನಿಂತಳು.

"ಅತ್ತಳೇನು?"

"ಇಲ್ಲರಿ."

"ನಾನೂ ಅಳಲಿಲ್ಲ" ಅಂದಳು ಸಾವಕ್ಕ. "ಕೆಲಸಿತ್ತು."